ಮೇಲಿನ ಬಾತ್‌ರೂಮ್: ಕಿತ್ತಿದ್ದು, ನೀರು ನಿಲ್ಲಿಸಿ ನೋಡಿದ್ದು, ಮತ್ತೆ ಕಟ್ಟಿದ್ದು

ಅಮ್ಮನ ಮಂಚದ ಮೇಲೆ, ಸರಿಯಾಗಿ ದಿಂಬಿನ ನೇರಕ್ಕೆ, ಸೀಲಿಂಗಿನಲ್ಲಿ ಒಂದು ಕಲೆ ಮೂಡಿತ್ತು. ಮೊದಲು ಅಂಗೈ ಅಗಲ. ಆರು ತಿಂಗಳಲ್ಲಿ ಮೊರದಷ್ಟಾಯಿತು. ಅಂಚಿನಲ್ಲಿ ಹಳದಿ, ನಡುವೆ ಬಿಳಿ ಉಪ್ಪು. ಬಣ್ಣ ಹಪ್ಪಳದ ಹಾಗೆ ಉಬ್ಬಿ ಉದುರತೊಡಗಿತು. ಒಂದು ರಾತ್ರಿ ಮಲಗಿದ್ದ ಅಮ್ಮನ ಕೆನ್ನೆ ಮೇಲೆ ಗಾರೆಯ ಚಕ್ಕೆ ಬಿತ್ತು. ಬೆಳಿಗ್ಗೆ ಎದ್ದವಳೇ ಮಂಚ ಹಾಲಿಗೆ ಎಳೆಸಿದೆ. ಇನ್ನು ತೇಪೆ ಹಾಕುವುದು ಬೇಡ, ಬುಡದಿಂದಲೇ ಸರಿ ಮಾಡಿಸೋಣ ಅಂತ ಅವತ್ತೇ ತೀರ್ಮಾನವಾಯಿತು.

ಮನೆ ಮೈಸೂರಿನ ಕುವೆಂಪುನಗರದಲ್ಲಿದೆ. 1994ರಲ್ಲಿ ಅಪ್ಪ ಕಟ್ಟಿಸಿದ್ದು. ಕೆಳಗೆ ಅಮ್ಮನ ಕೋಣೆ, ಅದರ ಮೇಲೆ ನಮ್ಮ ಬಾತ್‌ರೂಮ್. 7 ಅಡಿ ಉದ್ದ, 5 ಅಡಿ ಅಗಲ. ಆಗೆಲ್ಲ ಇಂಡಿಯನ್ ಕಮೋಡ್ ಕೂರಿಸುತ್ತಿದ್ದರು. ಅದಕ್ಕೆ ಆಳ ಬೇಕು ಅಂತ ಬಾತ್‌ರೂಮಿನ ಸ್ಲ್ಯಾಬನ್ನು ಉಳಿದ ನೆಲಕ್ಕಿಂತ ಒಂದಡಿ ಕೆಳಗೆ ಇಳಿಸಿ ಹಾಕುತ್ತಿದ್ದರು. ಗಾರೆಯವರು ಇದನ್ನು ಸಂಕನ್ ಅನ್ನುತ್ತಾರೆ. ಆ ಗುಂಡಿಯಲ್ಲಿ ಪೈಪ್ ಮಲಗಿಸಿ, ಇಟ್ಟಿಗೆ ಚೂರು ತುಂಬಿ, ಮೇಲೆ ಕಾಂಕ್ರೀಟ್ ಹಾಕಿ ಟೈಲ್ಸ್ ಕೂರಿಸುತ್ತಾರೆ. ತೊಂದರೆ ಹುಟ್ಟುವುದೂ ಅಲ್ಲೇ. ಟೈಲ್ಸ್ ಸಂದಿಯಿಂದ ದಿನಕ್ಕೆ ಒಂದು ಲೋಟ ನೀರು ಇಳಿದರೂ ಸಾಕು, ಆ ನೀರಿಗೆ ಹೊರಗೆ ಹೋಗಲು ದಾರಿಯೇ ಇಲ್ಲ. ಇಟ್ಟಿಗೆ ಚೂರು ಅದನ್ನು ಹೀರಿಕೊಂಡು ಕೂರುತ್ತದೆ. ವರ್ಷಗಳು ಕಳೆದಂತೆ ಗುಂಡಿಯೇ ಒಂದು ತೊಟ್ಟಿಯಾಗುತ್ತದೆ. ಆಮೇಲೆ ಸ್ಲ್ಯಾಬಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಕೆಳಗೆ ಒಸರುತ್ತದೆ.

2022ರಲ್ಲಿ ಒಮ್ಮೆ ಸರಿ ಮಾಡಿಸಿದ್ದೆವು. ಬಂದವರು ಟೈಲ್ಸ್ ಸಂದಿಯನ್ನು ಕೆರೆದು ಬಿಳಿ ಸಿಮೆಂಟ್ ತುಂಬಿದರು. ಮೇಲೊಂದು ದ್ರವ ಬಳಿದರು. ಎಂಟು ತಿಂಗಳು ಸುಮ್ಮನಿತ್ತು, ಆಮೇಲೆ ಮತ್ತೆ ಶುರು. ಈಗ ಯೋಚಿಸಿದರೆ ಅದು ಹಾಗಾಗುವುದೇ ಸರಿ. ಕೆಳಗೆ ತುಂಬಿಕೊಂಡಿರುವ ನೀರನ್ನು ಮೇಲಿನಿಂದ ಮುಚ್ಚಳ ಹಾಕಿ ಮುಚ್ಚಿದ ಹಾಗಾಯಿತು ಅಷ್ಟೇ. ಆ ನೀರು ಎಲ್ಲಿಗೆ ಹೋಗಬೇಕು? ಅಮ್ಮನ ಮಂಚದ ಮೇಲಕ್ಕೇ.

ಮೊದಲು, ಸೋರುತ್ತಿರುವುದು ಎಲ್ಲಿಂದ?

ಉಳಿ ಹಿಡಿಯುವ ಮೊದಲು ಒಂದು ವಾರ ಇದಕ್ಕೇ ಕೊಟ್ಟೆ. ನೀವೂ ಕೊಡಿ. ನೀರು ಬರಲು ಮೂರು ದಾರಿ ಇದೆ. ಗೋಡೆಯೊಳಗಿನ ನಲ್ಲಿ ಪೈಪ್, ಹೊರಗೆ ಹೋಗುವ ವೇಸ್ಟ್ ಪೈಪ್, ಇಲ್ಲವೇ ನೆಲ. ಮೂರಕ್ಕೂ ಮದ್ದು ಬೇರೆ ಬೇರೆ.

ಕಲೆಯ ಅಂಚಿನ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆದೆ. ಮೇಲಿನ ಬಾತ್‌ರೂಮಿಗೆ ಬೀಗ ಹಾಕಿದೆವು, ಆದರೆ ನೀರಿನ ವಾಲ್ವ್ ತೆರೆದೇ ಇತ್ತು. ಯಾರೂ ಬಳಸದೆ ಇದ್ದರೂ ಕಲೆ ಬೆಳೆದರೆ ನಲ್ಲಿ ಪೈಪಿನ ಮೇಲೆ ಅನುಮಾನ. ನಾಲ್ಕನೇ ದಿನಕ್ಕೆ ಒಂದು ಕಡೆ ಗೆರೆ ದಾಟಿ ಎರಡು ಬೆರಳು ಮುಂದೆ ಹೋಗಿತ್ತು. ಆದರೆ ಇಷ್ಟಕ್ಕೇ ನಂಬುವ ಹಾಗಿಲ್ಲ. ಗುಂಡಿಯಲ್ಲಿ ಹಳೆಯ ನೀರು ತುಂಬಿದ್ದರೆ, ವಾಲ್ವ್ ಮುಚ್ಚಿದರೂ ಅದು ಎಷ್ಟೋ ದಿನ ಒಸರುತ್ತಲೇ ಇರುತ್ತದೆ. ಹಾಗಾಗಿ ಎರಡನೇ ಪರೀಕ್ಷೆ. ನೆಲದ ಜಾಲಿಗೆ ಬಟ್ಟೆ ತುರುಕಿ, ಅಡುಗೆಯ ಕೆಂಪು ಬಣ್ಣ ಕಲಸಿದ ನೀರನ್ನು ಅರ್ಧ ಇಂಚು ನಿಲ್ಲಿಸಿದೆ. ಮೂರನೇ ದಿನ ಕೆಳಗೆ ಸೀಲಿಂಗಿಗೆ ಟಿಶ್ಯೂ ಒತ್ತಿದರೆ ತಿಳಿ ಗುಲಾಬಿ ಬಂತು. ನೆಲವೂ ಸೋರುತ್ತಿದೆ ಅನ್ನುವುದು ಖಾತ್ರಿಯಾಯಿತು.

ಜನವರಿ 17 ರಿಂದ 20, 2024: ಕಿತ್ತಿದ್ದು

ಸಂಕ್ರಾಂತಿ ಮುಗಿಯಲಿ ಅಂತ ಕಾದಿದ್ದೆವು. ಮೈಸೂರಿನಲ್ಲಿ ಜನವರಿ, ಫೆಬ್ರವರಿ ಎರಡು ತಿಂಗಳು ಮಳೆ ಕಡಿಮೆ, ಬಿಸಿಲೂ ಹಿತ. ಒದ್ದೆ ಸ್ಲ್ಯಾಬ್ ಒಣಗಬೇಕಾದ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ.

ಒಬ್ಬರು ಮೇಸ್ತ್ರಿ, ಒಬ್ಬ ಕೈಯಾಳು, ಜೊತೆಗೆ ನಾನು. ಮೊದಲ ಕೆಲಸ ಆ ಕಡೆಯ ಕರೆಂಟಿನ ಎಂಸಿಬಿ ಸ್ವಿಚ್ ಇಳಿಸಿದ್ದು. ಗೋಡೆಯೊಳಗೆ ಗೀಸರಿನ ವೈರ್ ಇರುತ್ತದೆ, ಉಳಿ ಅದಕ್ಕೆ ತಾಗಿದರೆ ಜೀವಕ್ಕೇ ಅಪಾಯ. ಬಾಗಿಲಿಗೆ ಒದ್ದೆ ಹಳೆ ಸೀರೆ ಕಟ್ಟಿದೆವು. ಧೂಳು ಅರ್ಧಕ್ಕರ್ಧ ಅಲ್ಲೇ ನಿಂತಿತು.

ಗೋಡೆಗೆ ಬ್ರೇಕರ್ ಮೆಷಿನ್ ಹಾಕಿದೆವು. ಗುಂಡಿಯಲ್ಲಿ ಮಾತ್ರ ಬೇಡ ಅಂದೆ. ಮೂವತ್ತು ವರ್ಷದ ಸ್ಲ್ಯಾಬ್, ಅದೂ ನೀರು ಕುಡಿದಿರುವಂಥದ್ದು. ಮೆಷಿನ್ನಿನ ಅದಿರಾಟಕ್ಕೆ ಹೊಸ ಬಿರುಕು ಬಿಟ್ಟರೆ ಏನು ಮಾಡುವುದು? ಸುತ್ತಿಗೆ, ಉಳಿ, ಸಲಿಕೆಯಲ್ಲೇ ತೆಗೆದೆವು. ಎರಡು ದಿನ ಜಾಸ್ತಿ ಹಿಡಿಯಿತು.

ಆರು ಇಂಚು ಇಳಿಯುವಷ್ಟರಲ್ಲಿ ವಾಸನೆ ಬಂತು. ಬಾವಿ ಕೆಸರಿನ ವಾಸನೆ. ಎಂಟು ಇಂಚಿಗೆ ಇಟ್ಟಿಗೆ ಚೂರು ಕಪ್ಪಗೆ, ಹಿಂಡಿದರೆ ನೀರು. ತಳದಲ್ಲಿ ನಿಜವಾಗಿಯೂ ನೀರು ನಿಂತಿತ್ತು, ಎರಡು ಬೆರಳು. ಲೋಟದಲ್ಲಿ ತೋಡಿ ಬಕೆಟ್‌ಗೆ ಹಾಕಿದೆವು. ಕಾಲು ಗಂಟೆ ತೋಡಿದೆವು. ಅಮ್ಮ ಮಹಡಿಗೆ ಬಂದು ಬಾಗಿಲಲ್ಲಿ ನಿಂತು ನೋಡಿದರು. "ಇದರ ಕೆಳಗೆ ಮಲಗಿದ್ದೆನೇನೇ ಇಷ್ಟು ದಿನ?" ಅಂದರು. ನನಗೆ ಉತ್ತರ ಹೊರಡಲಿಲ್ಲ.

35 ಚದರ ಅಡಿ, ಒಂದಡಿ ಆಳ. ಅಂದರೆ ಸುಮಾರು ಒಂದು ಘನ ಮೀಟರ್. ಒದ್ದೆ ಚೂರು ಒಂದೂವರೆ ಟನ್ನಿಗೆ ಕಡಿಮೆ ಇರಲಿಲ್ಲ. ಸಿಮೆಂಟ್ ಚೀಲದಲ್ಲಿ ಅರ್ಧರ್ಧ ತುಂಬಿ ಮೆಟ್ಟಿಲಿಳಿಸಿದೆವು, ಎಂಬತ್ತಕ್ಕೂ ಮೇಲೆ ಚೀಲ. ಕಸ ಸಾಗಿಸುವವರ ಹತ್ತಿರ ಎಲ್ಲಿ ಸುರಿಯುತ್ತೀರಿ ಅಂತ ಮೊದಲೇ ಕೇಳಿ ಖಚಿತ ಮಾಡಿಕೊಂಡೆ. ನಮ್ಮ ಬಚ್ಚಲಿನ ಕಸ ಯಾವುದೋ ಕೆರೆ ಏರಿಯ ಮೇಲೆ ಬೀಳುವುದು ನನಗೆ ಇಷ್ಟವಿರಲಿಲ್ಲ. ಕಟ್ಟಡದ ಕಸಕ್ಕೆ ಅಂತಲೇ 2016ರಿಂದ ದೇಶದಲ್ಲಿ ಬೇರೆ ನಿಯಮ ಇದೆ.

ಗೋಡೆಯಲ್ಲಿ ಹಳೆಯ ಜಿಐ ಪೈಪ್, ಅಂದರೆ ಸತು ಲೇಪದ ಕಬ್ಬಿಣದ ಪೈಪ್ ಸಿಕ್ಕಿತು. ಶವರಿನ ಕೆಳಗೆ ಪೈಪ್ ತಿರುಗುವ ಕಡೆಯ ಎಲ್ಬೋ ತುಕ್ಕು ಹಿಡಿದು ಬಿಸ್ಕೆಟ್ ಹಾಗಾಗಿತ್ತು. ಮೇಸ್ತ್ರಿ ಉಳಿಯ ತುದಿಯನ್ನು ಸುಮ್ಮನೆ ಒತ್ತಿದರು, ಒಳಗೆ ಹೋಯಿತು. ಅಲ್ಲಿಗೆ ಪೆನ್ಸಿಲ್ ಗೆರೆ ದಾಟಿದ್ದ ಲೆಕ್ಕವೂ ಸರಿಹೋಯಿತು. ನೆಲವೂ ಸೋರುತ್ತಿತ್ತು, ಪೈಪೂ ಸೋರುತ್ತಿತ್ತು. ಒಂದನ್ನೇ ಸರಿ ಮಾಡಿಸಿದ್ದರೆ ಮತ್ತೆ ಅದೇ ಕಥೆ.

ಸ್ಲ್ಯಾಬಿನ ಆರೋಗ್ಯ

ಗುಂಡಿ ಖಾಲಿಯಾದ ಮೇಲೆ ಐದು ದಿನ ಹಾಗೇ ಬಿಟ್ಟೆವು. ಟೇಬಲ್ ಫ್ಯಾನ್ ಹಗಲಿಡೀ ಓಡಿತು. ಕೆಳಗೆ ಅಮ್ಮನ ಕೋಣೆಯಲ್ಲಿ ಸಡಿಲವಾದ ಗಾರೆಯನ್ನೆಲ್ಲ ಉದುರಿಸಿದೆವು. ಎರಡು ಕಂಬಿ ಕಾಣಿಸಿತು. ಮೇಲೆಲ್ಲ ತುಕ್ಕು. ಕಬ್ಬಿಣ ತುಕ್ಕು ಹಿಡಿದರೆ ಊದಿಕೊಳ್ಳುತ್ತದೆ. ಒಳಗಿನಿಂದ ಕಾಂಕ್ರೀಟನ್ನು ತಳ್ಳುತ್ತದೆ, ಚಕ್ಕೆ ಬೀಳುವುದು ಅದಕ್ಕೇ. ಅಮ್ಮನ ಕೆನ್ನೆ ಮೇಲೆ ಬಿದ್ದದ್ದು ಅದೇ.

ಕಂಬಿಯನ್ನು ವೈರ್ ಬ್ರಷ್ಷಿನಲ್ಲಿ ಹೊಳಪು ಬರುವ ತನಕ ಉಜ್ಜಿದೆವು. ಹಿಂಭಾಗಕ್ಕೂ ಬ್ರಷ್ ಹೋಗಬೇಕು, ಅದಕ್ಕೆ ಕಂಬಿಯ ಸುತ್ತ ಒಂದು ಬೆರಳು ಕಾಂಕ್ರೀಟ್ ಕೆತ್ತಬೇಕು. ಕಂಬಿಯ ದಪ್ಪ ಅಷ್ಟೇನೂ ಸವೆದಿರಲಿಲ್ಲ. ತುಂಬಾ ಸವೆದಿದ್ದರೆ ನಾನು ಕೆಲಸ ನಿಲ್ಲಿಸಿ ಎಂಜಿನಿಯರನ್ನು ಕರೆಸುತ್ತಿದ್ದೆ. ಸ್ಲ್ಯಾಬಿನ ಬಲದ ವಿಷಯದಲ್ಲಿ ಅಂದಾಜು ಸಲ್ಲದು. ತುಕ್ಕು ತಡೆಯುವ ಜಿಂಕ್ ಪ್ರೈಮರ್ ಬಳಿದು, ಪಾಲಿಮರ್ ಬೆರೆಸಿದ ಕಲಸಿನಿಂದ ತೆಳ್ಳಗೆ ಎರಡು ಸಲ ಮುಚ್ಚಿದೆವು. ಒಂದೇ ಸಲ ದಪ್ಪಗೆ ಹಾಕಿದರೆ ಭಾರಕ್ಕೆ ಜಾರಿ ಬೀಳುತ್ತದೆ.

ಪೈಪ್ ಕೆಲಸ

ಜಿಐ ಎಲ್ಲ ಹೊರಗೆ. ಬಿಸಿ, ತಣ್ಣೀರು ಎರಡಕ್ಕೂ ಸಿಪಿವಿಸಿ, ಅಂದರೆ ಬಿಸಿನೀರು ತಾಳುವ ಪ್ಲಾಸ್ಟಿಕ್ ಪೈಪ್. ಮುಖ್ಯ ಲೈನ್ ಮುಕ್ಕಾಲು ಇಂಚು, ನಲ್ಲಿಗಳಿಗೆ ಅರ್ಧ ಇಂಚು. ನಲ್ಲಿ ತಿರುಗಿಸುವ ಕಡೆಯೆಲ್ಲ ಹಿತ್ತಾಳೆ ಥ್ರೆಡ್ ಇರುವ ಎಲ್ಬೋ. ಪ್ಲಾಸ್ಟಿಕ್ ಥ್ರೆಡ್ ಅಗ್ಗ, ಆದರೆ ಮುಂದೆ ಒಂದು ದಿನ ನಲ್ಲಿ ಬದಲಿಸುವಾಗ ಸೀಳಿದರೆ ಗೋಡೆ ಒಡೆಯಬೇಕು. ಸಿಪಿವಿಸಿಗೆ ಅದರದ್ದೇ ಅಂಟು. ಪಿವಿಸಿ ಅಂಟು ಹಚ್ಚಬಾರದು. ಪ್ಲಂಬರ್ ಬ್ಯಾಗಿನಲ್ಲಿ ಎರಡೂ ಡಬ್ಬಿ ಇರುತ್ತವೆ, ಯಾವುದನ್ನು ತೆಗೆಯುತ್ತಿದ್ದಾರೆ ಅಂತ ನೋಡಿಕೊಳ್ಳಿ.

ಗಾರೆ ಮುಚ್ಚುವ ಮೊದಲು ಒತ್ತಡದ ಪರೀಕ್ಷೆ. ತುದಿಗಳಿಗೆಲ್ಲ ಡಮ್ಮಿ ಹಾಕಿ, ಎತ್ತರದ ಒಂದು ತುದಿಯಿಂದ ಗಾಳಿ ಪೂರ್ತಿ ಹೊರಬಿಟ್ಟು, ಕೈ ಪಂಪಿನಲ್ಲಿ ಒತ್ತಡವನ್ನು ಚದರ ಸೆಂಟಿಮೀಟರಿಗೆ 6 ಕೆ.ಜಿ. ತನಕ ಏರಿಸಿದೆವು. ನಮ್ಮ ಟ್ಯಾಂಕ್ ಶವರಿಗಿಂತ ಹತ್ತೇ ಅಡಿ ಮೇಲಿದೆ. ಹತ್ತು ಮೀಟರ್ ನೀರಿಗೆ ಒಂದು ಕೆ.ಜಿ. ಲೆಕ್ಕದಲ್ಲಿ ದಿನನಿತ್ಯದ ಒತ್ತಡ ಬರೀ 0.3 ಕೆ.ಜಿ. ಅದರ ಇಪ್ಪತ್ತು ಪಟ್ಟು ಹಾಕಿ ಎರಡು ಗಂಟೆ ಬಿಟ್ಟೆವು. ಮುಳ್ಳು ಅಲುಗಲಿಲ್ಲ.

ಕಮೋಡಿನ ಜಾಗ ಅಳೆಯುವಾಗ ಒಂದು ಎಚ್ಚರ ಬೇಕು. ಅಂಗಡಿಯಲ್ಲಿ ಹೇಳುವ ಅಳತೆ ಟೈಲ್ಸ್ ಆದ ಮೇಲಿನ ಗೋಡೆಯಿಂದ ಪೈಪಿನ ನಡುವಿನ ತನಕ. ನಮ್ಮ ಗೋಡೆ ಆಗ ಬರೀ ಇಟ್ಟಿಗೆ. ಗಾರೆ, ಟೈಲ್ಸ್ ಸೇರಿ ಒಂದು ಇಂಚಿಗೂ ಜಾಸ್ತಿ ಮುಂದೆ ಬರುತ್ತದೆ. ಅದನ್ನು ಸೇರಿಸಿಯೇ ಪೈಪ್ ಕೂರಿಸಿದೆವು. ಶವರ್ ಮಿಕ್ಸರಿನ ಬಾಡಿ ಗೋಡೆಯೊಳಗೆ ಎಷ್ಟು ಹೋಗಬೇಕು ಅನ್ನುವುದಕ್ಕೂ ಇದೇ ಲೆಕ್ಕ.

ಇನ್ನೊಂದು ಸಣ್ಣ ಪೈಪ್ ಹಾಕಿಸಿದೆ. ಈ ಇಡೀ ಕೆಲಸದಲ್ಲಿ ನನಗೆ ತುಂಬಾ ನೆಮ್ಮದಿ ಕೊಟ್ಟದ್ದು ಅದೇ. ಗುಂಡಿಯ ತಳದಿಂದ, ಸ್ಲ್ಯಾಬಿಗೆ ಅಂಟಿದ ಹಾಗೆ, ಹೊರಗೋಡೆಯ ಆಚೆಗೆ ಒಂದೂವರೆ ಇಂಚಿನ ಪೈಪ್. ಒಳಗಿನ ಬಾಯಿಗೆ ಜಾಲಿ, ಸುತ್ತ ಒಂದು ಬಾಂಡ್ಲಿ ಜಲ್ಲಿ. ಇದಕ್ಕೆ ಯಾವ ಲೈನೂ ಸೇರಿಸುವುದಿಲ್ಲ, ಹೊರಗೆ ಖಾಲಿ ಬಾಯಿ. ಮುಂದೆಂದಾದರೂ ನೀರು ಗುಂಡಿಗೆ ಇಳಿದರೆ ಅಮ್ಮನ ಸೀಲಿಂಗಿಗೆ ಹೋಗುವ ಮೊದಲು ಇಲ್ಲಿ ತೊಟ್ಟಿಕ್ಕುತ್ತದೆ. ನಮಗೆ ತಿಳಿಯುತ್ತದೆ. ಮೇಸ್ತ್ರಿ ಮೊದಲು ಒಪ್ಪಲಿಲ್ಲ. "ಅಕ್ಕಾ, ಸುಮ್ನೆ ಗೋಡೆ ತೂತು ಮಾಡಿಸ್ತೀರ" ಅಂದರು. ತೋಡಿದ ಬಕೆಟ್ ನೀರು ಇನ್ನೂ ಅಲ್ಲೇ ಇತ್ತು. ಅದನ್ನು ತೋರಿಸಿದೆ. ಅವರು ಡ್ರಿಲ್ ತೆಗೆದುಕೊಂಡರು.

ವಾಟರ್ ಪ್ರೂಫಿಂಗ್

ಬಳಿಯುವ ವಸ್ತುವಿಗಿಂತ ಬಳಿಯುವ ಜಾಗದ ತಯಾರಿ ದೊಡ್ಡದು. ಸ್ಲ್ಯಾಬನ್ನು ವೈರ್ ಬ್ರಷ್ಷಿನಲ್ಲಿ ಉಜ್ಜಿ, ಹಳೆ ಗಾರೆಯ ಗಂಟುಗಳನ್ನು ಕೆತ್ತಿ, ತೊಳೆದು, ಧೂಳು ಒಂದು ಚೂರೂ ಇಲ್ಲದ ಹಾಗೆ ಮಾಡಿದೆವು. ಬಿರುಕುಗಳನ್ನು ವಿ ಆಕಾರಕ್ಕೆ ಅಗಲಿಸಿ ತುಂಬಿದೆವು. ಗೋಡೆ ನೆಲ ಸೇರುವ ಮೂಲೆ ಚೂಪಾಗಿ ಇರಬಾರದು. ಅಲ್ಲಿ ಬಳಿದ ಪದರ ಮಡಚಿಕೊಂಡು ಬಿರಿಯುತ್ತದೆ. ಕಲಸನ್ನು ಹಚ್ಚಿ, ಬಾಟಲಿ ಹಿಂಭಾಗದಿಂದ ಎಳೆದು, ಮೂಲೆಯನ್ನು ದುಂಡಗೆ ಮಾಡಿದೆವು. ಮೇಲೆ ಫೈಬರ್ ಜಾಲರಿ ಪಟ್ಟಿ.

ಬಳಿದದ್ದು ಪುಡಿ ಮತ್ತು ದ್ರವ ಎರಡೂ ಬೇರೆ ಬೇರೆ ಬರುವ ಸಿಮೆಂಟ್ ಪಾಲಿಮರ್ ಕೋಟಿಂಗ್. ಊರಿನ ಯಾವ ದೊಡ್ಡ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಚೀಲದ ಮೇಲಿನ ಅಳತೆಯಲ್ಲೇ ಕಲಸಬೇಕು. ಗಟ್ಟಿಯಾಯಿತು ಅಂತ ನೀರು ಬೆರೆಸಬಾರದು. ಸ್ಲ್ಯಾಬ್ ಒದ್ದೆಯಾಗಿರಬೇಕು, ನೀರು ನಿಂತಿರಬಾರದು. ಮೊದಲ ಕೋಟ್ ಬಾಗಿಲಿನಿಂದ ಕಿಟಕಿ ಕಡೆಗೆ, ಆರು ಗಂಟೆ ಬಿಟ್ಟು ಎರಡನೆಯದು ಅಡ್ಡಕ್ಕೆ. ಮೊದಲ ಸಲ ಬ್ರಷ್ ಬಿಟ್ಟ ಗೀರುಗಳನ್ನು ಎರಡನೆಯದು ಮುಚ್ಚುತ್ತದೆ. ಗುಂಡಿಯ ತಳ, ಪಕ್ಕ, ಗೋಡೆಗೆ ನೆಲದಿಂದ ಒಂದಡಿ ಮೇಲೆ, ಶವರ್ ಮೂಲೆಯಲ್ಲಿ ಆರಡಿ.

ಇಡೀ ಕೆಲಸಕ್ಕೆ 1,30,000 ರೂಪಾಯಿ ಹತ್ತಿರ ಖರ್ಚಾಯಿತು. ಅದರಲ್ಲಿ ಈ ಕೋಟಿಂಗ್, ಜಾಲರಿ ಎಲ್ಲ ಸೇರಿ 9,000. ನಲ್ಲಿ, ಶವರ್, ಕಮೋಡಿಗೇ 28,000. ಕಣ್ಣಿಗೆ ಕಾಣುವುದಕ್ಕೆ ಕೈಬಿಚ್ಚಿ ಕೊಡುತ್ತೇವೆ, ಕಾಣದ್ದಕ್ಕೆ ಚೌಕಾಸಿ ಮಾಡುತ್ತೇವೆ. ಮನೆ ಸೋರುವುದು ಕಾಣದ ಕಡೆಯಿಂದಲೇ ಅಲ್ವಾ?

ಫೆಬ್ರವರಿ 3: ನೀರು ನಿಲ್ಲಿಸಿದ್ದು

ನಾಲ್ಕು ದಿನ ಒಣಗಿಸಿ, ಪೈಪ್ ಬಾಯಿಗಳಿಗೆ ಮುಚ್ಚಳ ಹಾಕಿ, ಗುಂಡಿಗೆ 4 ಇಂಚು ನೀರು ಬಿಟ್ಟೆವು. ಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಸರಿಯಾಗಿ ಗೆರೆ ಎಳೆದೆ. ಪಕ್ಕದಲ್ಲೇ ಒಂದು ಬಕೆಟ್‌ನಲ್ಲೂ ನೀರು ತುಂಬಿ ಗೆರೆ ಎಳೆದೆ. ಬಕೆಟ್ ಯಾಕೆ ಅಂದರೆ, ನೀರು ತಾನಾಗಿಯೂ ಆರುತ್ತದೆ. ಎರಡರಲ್ಲೂ ಒಂದೇ ಸಮ ಇಳಿದರೆ ಆರಿದ್ದು. ಗುಂಡಿಯಲ್ಲಿ ಮಾತ್ರ ಇಳಿದರೆ ಸೋರಿದ್ದು.

ಅಮ್ಮನಿಗೆ ಭಯ. "ಇಷ್ಟೊಂದು ನೀರು ನಿಲ್ಲಿಸಿದರೆ ಭಾರಕ್ಕೆ ಕುಸಿಯಲ್ವೇನೇ?" ಲೆಕ್ಕ ಹಾಕಿ ಹೇಳಿದೆ. "330 ಲೀಟರ್ ಅಮ್ಮ, ಅಂದರೆ 330 ಕೆ.ಜಿ. ನಾವು ಹೊರಗೆ ಹಾಕಿದ ಇಟ್ಟಿಗೆ ಚೂರೇ ಒಂದೂವರೆ ಟನ್ ಇತ್ತು." ಅವರು ಒಪ್ಪಿದರು. ಆದರೂ ಆ ರಾತ್ರಿ ಎರಡು ಸಲ ಎದ್ದು ಟಾರ್ಚ್ ಹಿಡಿದು ತಮ್ಮ ಕೋಣೆಯ ಸೀಲಿಂಗ್ ನೋಡಿದ್ದು ನನಗೆ ಗೊತ್ತಾಯಿತು.

ಮರುದಿನ ಬೆಳಿಗ್ಗೆ ಗುಂಡಿಯ ನೀರು ಗೆರೆಗಿಂತ ಒಂದೂಕಾಲು ಇಂಚು ಕೆಳಗೆ. ಬಕೆಟ್ ನೀರು ಗೆರೆಯ ಮೇಲೇ ಇತ್ತು.

ನಿಜ ಹೇಳುತ್ತೇನೆ, ಕೈಕಾಲು ಸೋತುಹೋಯಿತು. ಮೇಸ್ತ್ರಿಯವರ ಮುಖವೂ ಸಣ್ಣದಾಯಿತು. ಆದರೆ ಸೀಲಿಂಗ್ ಒದ್ದೆಯಾಗಿರಲಿಲ್ಲ. ಹಾಗಾದರೆ ನೀರು ಹೋದದ್ದೆಲ್ಲಿ? ಇಬ್ಬರೂ ಮನೆಯ ಸುತ್ತ ನಡೆದೆವು. ಹೊರಗೋಡೆಯಲ್ಲಿ 4 ಇಂಚಿನ ಕಮೋಡ್ ಪೈಪ್ ಹೊರಬರುವ ಕಡೆ, ಪೈಪಿನ ಕೆಳಗೆ, ಅರ್ಧ ಚಂದ್ರದ ಹಾಗೆ ಒಂದು ಕಪ್ಪು ತೇವ. ಮುಟ್ಟಿದರೆ ಬೆರಳಿಗೆ ನೀರು. ನುಣುಪಾದ ಪ್ಲಾಸ್ಟಿಕ್‌ಗೆ ಸಿಮೆಂಟ್ ಸರಿಯಾಗಿ ಹಿಡಿಯುವುದಿಲ್ಲ. ಕಲಸು ಆರುವಾಗ ಕುಗ್ಗಿ, ಪೈಪಿನ ಸುತ್ತ ದಾರದಷ್ಟು ಸಂದಿ ಬಿಟ್ಟಿತ್ತು. ಅಷ್ಟು ಸಂದಿ ಸಾಕಾಯಿತು, ಒಂದೇ ರಾತ್ರಿಯಲ್ಲಿ ನೂರು ಲೀಟರ್.

ನೀರು ತೋಡಿ ಹಾಕಿ, ಪೈಪಿನ ಸುತ್ತ ಎರಡು ಇಂಚು ಕೆತ್ತಿದೆವು. ಪೈಪಿನ ಮೈಯನ್ನು ಮರಳು ಕಾಗದದಲ್ಲಿ ಒರಟು ಮಾಡಿ, ಅಂಟು ಹಚ್ಚಿ, ಅದರ ಮೇಲೆ ಒಣ ಮರಳು ಉದುರಿಸಿ ಬಿಟ್ಟೆವು. ಒಣಗಿದ ಮೇಲೆ ಪೈಪಿಗೆ ಮರಳಿನ ಚರ್ಮ ಬಂದ ಹಾಗಾಯಿತು. ಈಗ ಕಲಸಿಗೆ ಹಿಡಿದುಕೊಳ್ಳಲು ಏನೋ ಇದೆ. ಸುತ್ತ ಕುಗ್ಗದ ಗ್ರೌಟ್ ತುಂಬಿ, ಜಾಲರಿ ಸುತ್ತಿ, ಮತ್ತೆ ಎರಡು ಕೋಟ್. ಉಳಿದ ಮೂರು ಪೈಪಿಗೂ ಹೀಗೇ. ಮರಳು ಉದುರಿಸುವ ಉಪಾಯ ಮೇಸ್ತ್ರಿಯವರದ್ದೇ. ನಾನು ಯಾವ ವಿಡಿಯೊದಲ್ಲೂ ನೋಡಿರಲಿಲ್ಲ.

ಫೆಬ್ರವರಿ 9ಕ್ಕೆ ಮತ್ತೆ ನೀರು. ಈ ಸಲ ಪೂರ್ತಿ 48 ಗಂಟೆ. ಗುಂಡಿ, ಬಕೆಟ್ ಎರಡರಲ್ಲೂ ಒಂದು ದಾರದಷ್ಟು ಮಾತ್ರ ಇಳಿದಿತ್ತು. ಈ ಪರೀಕ್ಷೆ ಮಾಡದೆ ನೇರ ಟೈಲ್ಸ್ ಹಾಕಿದ್ದರೆ? ಆ ಯೋಚನೆಗೇ ಈಗಲೂ ಮೈ ಜುಂ ಅನ್ನುತ್ತದೆ. ಯಾರು ಎಷ್ಟೇ ಅವಸರ ಮಾಡಿದರೂ ಈ ಎರಡು ದಿನ ಬಿಟ್ಟುಕೊಡಬೇಡಿ.

ತುಂಬಿದ್ದು, ಇಳಿಜಾರು ಕೊಟ್ಟದ್ದು

ಕೋಟಿಂಗಿನ ಮೇಲೆ ನೇರ ಕಲ್ಲು ಹಾಕಿದರೆ ತೂತು ಬೀಳುತ್ತದೆ. ಮೊದಲು ಒಂದು ಇಂಚು ಕಾಪು ಗಾರೆ ಹಾಕಿದೆವು, ಹೊರಗೆ ಹೋಗುವ ಆ ಸಣ್ಣ ಪೈಪಿನ ಕಡೆಗೆ ಸ್ವಲ್ಪ ಇಳಿಜಾರಾಗಿ. ಆಮೇಲೆ ಎಎಸಿ ಬ್ಲಾಕಿನ ತುಂಡು, ಅಂದರೆ ಒಳಗೆಲ್ಲ ಗಾಳಿ ಗುಳ್ಳೆ ಇರುವ ಹಗುರದ ಕಾಂಕ್ರೀಟ್. ಅದು ಇಟ್ಟಿಗೆ ಚೂರಿನ ಅರ್ಧದಷ್ಟೂ ಭಾರ ಇಲ್ಲ. ನೀರು ಕುಡಿಯುವ ಗುಣ ಇದಕ್ಕೂ ಇದೆ, ಹಾಗಾಗಿ ಮೇಲಿನ ಪದರ ಗಟ್ಟಿ ಇರಲೇಬೇಕು. ಅದರ ಮೇಲೆ 2 ಇಂಚು ಕಾಂಕ್ರೀಟ್, ಇಳಿಜಾರು ಇದರಲ್ಲೇ ಬರಬೇಕು. ಟೈಲ್ಸ್ ಹಾಕುವಾಗ ಸರಿ ಮಾಡೋಣ ಅಂದರೆ ಆಗುವುದಿಲ್ಲ.

ಬಾಗಿಲಿನಿಂದ ಜಾಲಿಗೆ 7 ಅಡಿ. ನಾವು ಕೊಟ್ಟದ್ದು ಒಂದು ಇಂಚು, ಅಂದರೆ ಎಂಬತ್ತಕ್ಕೆ ಒಂದು. ಟ್ಯೂಬ್ ಲೆವೆಲ್ ಹಿಡಿದು ನಾಲ್ಕು ಮೂಲೆಗೂ ಗುರುತು ಹಾಕಿಕೊಂಡು, ಮಟ್ಟಗೋಲು ಎಳೆದರು. ಬಾಗಿಲ ಹತ್ತಿರವೂ ಬಾತ್‌ರೂಮಿನ ನೆಲ ಕೋಣೆಯ ನೆಲಕ್ಕಿಂತ ಅರ್ಧ ಇಂಚು ಕೆಳಗೆ. ಜೊತೆಗೆ ಗ್ರಾನೈಟ್ ಹೊಸ್ತಿಲು. ಒಂದು ವಾರ ನೀರು ಕಟ್ಟಿ ಹದ ಬಂದ ಮೇಲೆ ಮತ್ತೆ ಎರಡು ಕೋಟ್, ಮತ್ತೆ 24 ಗಂಟೆ ನೀರು. ಈ ಸಲವೂ ಪಾಸ್.

ಟೈಲ್ಸ್

ನೆಲಕ್ಕೆ ಒಂದಡಿಗೆ ಒಂದಡಿ, ಮೈ ಒರಟಾದ ಆ್ಯಂಟಿ ಸ್ಕಿಡ್. ದೊಡ್ಡ ಟೈಲ್ಸ್ ನೋಡಲು ಚೆಂದ, ಆದರೆ ಸಣ್ಣ ಬಾತ್‌ರೂಮಿನಲ್ಲಿ ಇಳಿಜಾರಿಗೆ ಬಗ್ಗುವುದಿಲ್ಲ. ಕತ್ತರಿಸಿದ ಹಾಗೆಲ್ಲ ಸಂದಿ ಜಾಸ್ತಿಯಾಗುತ್ತದೆ. ಗೋಡೆಗೆ 7 ಅಡಿ ಎತ್ತರಕ್ಕೆ, ನೆಲವೂ ಸೇರಿ 185 ಚದರ ಅಡಿ. ಒಡೆಯುವುದಕ್ಕೆ, ಮುಂದೆ ರಿಪೇರಿಗೆ ಅಂತ 205 ತಂದೆ. ಉಳಿದ ಒಂದು ಡಬ್ಬ ಅಟ್ಟದ ಮೇಲಿದೆ.

ಮೇಸ್ತ್ರಿಗೂ ನನಗೂ ಜಗಳವಾಗುವ ಮಟ್ಟಕ್ಕೆ ಹೋದದ್ದು ಇಲ್ಲೊಂದೇ ಕಡೆ. ಅವರಿಗೆ ಅಭ್ಯಾಸವಾದ ರೀತಿ, ಟೈಲ್ಸ್ ಬೆನ್ನಿಗೆ ಐದು ಕಡೆ ಕಲಸಿನ ಮುದ್ದೆ ಇಟ್ಟು ಒತ್ತುವುದು. ಮೂಲೆಗಳು ಟೊಳ್ಳಾಗಿ ಉಳಿಯುತ್ತವೆ. ಅಲ್ಲಿ ಬಕೆಟ್ ಬಿದ್ದರೆ ಟೈಲ್ಸ್ ಒಡೆಯುತ್ತದೆ, ಟೊಳ್ಳಿನಲ್ಲಿ ನೀರು ನಿಲ್ಲುತ್ತದೆ. ಟೈಲ್ಸ್ ಅಂಟನ್ನು ಹಲ್ಲಿರುವ ಕರಣೆಯಿಂದ ಒಂದೇ ದಿಕ್ಕಿಗೆ ಗೀರಿ ಹಚ್ಚಿ ಅಂದೆ. ಎರಡು ಟೈಲ್ಸ್ ಅವರ ರೀತಿ, ಎರಡು ನನ್ನ ರೀತಿ ಹಾಕಿ, ಅರ್ಧ ಗಂಟೆ ಬಿಟ್ಟು ಒಂದೊಂದನ್ನು ಕಿತ್ತು ನೋಡಿದೆವು. ಅವರದ್ದರ ಬೆನ್ನಲ್ಲಿ ಐದು ದೋಸೆ, ನಡುವೆಲ್ಲ ಖಾಲಿ. ಇನ್ನೊಂದರ ಬೆನ್ನು ಪೂರ್ತಿ ಬೂದಿ ಬಣ್ಣ. ಅವರು ಒಂದು ನಿಮಿಷ ಎರಡನ್ನೂ ಕೈಯಲ್ಲಿ ಹಿಡಿದು ನೋಡಿದರು. "ಹಲ್ಲಿನ ಕರಣೆನೇ ಕೊಡಿ ಅಕ್ಕಾ" ಅಂದರು. ಆಮೇಲಿನ ಪ್ರತಿ ಟೈಲ್ಸನ್ನೂ ಅವರೇ ಬೆರಳಿನ ಗೆಣ್ಣಿನಿಂದ ತಟ್ಟಿ ಶಬ್ದ ಕೇಳಿ ಮುಂದೆ ಹೋದರು.

ನೆಲ ಮುಗಿದ ಮೇಲೆ ಬಾಗಿಲ ಹತ್ತಿರ ಒಂದು ಮಗ್ ನೀರು ಸುರಿದೆ. ಸೀದಾ ಜಾಲಿಗೆ ಹೋಯಿತು. ಕಮೋಡಿನ ಹಿಂದೆ ಒಂದು ರೂಪಾಯಿ ಅಗಲ ನಿಂತಿತು. ಆ ಒಂದು ಟೈಲ್ಸನ್ನು ಕಿತ್ತು ಮತ್ತೆ ಕೂರಿಸಿದರು, ನಾನು ಕೇಳುವ ಮೊದಲೇ.

ನೆಲಕ್ಕೆ ಮತ್ತು ಗೋಡೆಯ ಮೂರಡಿ ತನಕ ಎಪಾಕ್ಸಿ ಗ್ರೌಟ್. ಸ್ವಲ್ಪ ಸ್ವಲ್ಪವೇ ಕಲಸಿಕೊಳ್ಳಬೇಕು, ಮುಕ್ಕಾಲು ಗಂಟೆಯೊಳಗೆ ಕಲ್ಲಾಗುತ್ತದೆ. ತುಂಬಿದ ತಕ್ಷಣ ಒದ್ದೆ ಸ್ಪಂಜಿನಲ್ಲಿ ಒರೆಸದಿದ್ದರೆ ಒರಟು ಟೈಲ್ಸಿನ ಮೇಲೆ ಬಿಳಿ ಪೊರೆ ಉಳಿದುಬಿಡುತ್ತದೆ, ಆಮೇಲೆ ಉಜ್ಜಿದರೂ ಹೋಗುವುದಿಲ್ಲ. ಗೋಡೆ ನೆಲ ಸೇರುವ ಸಂದಿಗೆ ಮಾತ್ರ ಗ್ರೌಟ್ ಬೇಡ, ಸಿಲಿಕೋನ್ ಹಾಕಿ. ಗೋಡೆ, ನೆಲ ಬೇರೆ ಬೇರೆಯಾಗಿ ಹಿಗ್ಗುತ್ತವೆ, ಕುಗ್ಗುತ್ತವೆ. ಗಟ್ಟಿ ಗ್ರೌಟ್ ಅಲ್ಲಿ ಬಿರಿಯುತ್ತದೆ.

ಕರೆಂಟ್ ಕೆಲಸ ಲೈಸೆನ್ಸ್ ಇರುವವರಿಂದ ಮಾಡಿಸಿದೆ. 2 ಕಿಲೋವಾಟಿನ ಗೀಸರ್ 9 ಆಂಪಿಯರ್ ಹತ್ತಿರ ಎಳೆಯುತ್ತದೆ. ಅದಕ್ಕೆ ಬೇರೆಯೇ ಲೈನ್, 16 ಆಂಪಿಯರ್ ಪಾಯಿಂಟ್, ಸರಿಯಾದ ಅರ್ಥಿಂಗ್. ಹಳೆಯ ಮನೆಯಲ್ಲಿ ಇಲ್ಲದೇ ಇದ್ದದ್ದು ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ತಾನಾಗಿ ಲೈನ್ ಕಡಿಯುವ ಸ್ವಿಚ್. 30 ಮಿಲಿ ಆಂಪಿಯರಿನದ್ದು ಹಾಕಿಸಿದೆ. ಒದ್ದೆ ಮೈಯಲ್ಲಿ ನಿಂತಾಗ ಜೀವ ಉಳಿಸುವುದು ಅದೇ.

ಮೇಸ್ತ್ರಿ ಇದ್ದಾಗಲೇ ಕೆಳಗೆ ಅಮ್ಮನ ಬಾತ್‌ರೂಮಿಗೆ ಒಂದು ಸ್ಟೀಲ್ ಹಿಡಿ ಹಾಕಿಸಿದೆ, ಕಮೋಡ್ ಪಕ್ಕದ ಗೋಡೆಗೆ, 33 ಇಂಚು ಎತ್ತರಕ್ಕೆ. ಬೋಲ್ಟ್ ಟೈಲ್ಸ್ ದಾಟಿ ಇಟ್ಟಿಗೆಯೊಳಗೆ ಹೋಗಿದೆ. ನಾನು ಜೋತುಬಿದ್ದು ನೋಡಿದ ಮೇಲೇ ಅಮ್ಮನಿಗೆ ಹಿಡಿಯಲು ಹೇಳಿದ್ದು.

ಮಾರ್ಚ್ 13ಕ್ಕೆ ಮೇಲಿನ ಬಾತ್‌ರೂಮಿನಲ್ಲಿ ಮೊದಲ ಸ್ನಾನವಾಯಿತು.

ಅಮ್ಮನ ಸೀಲಿಂಗಿಗೆ ಬಣ್ಣ ಹಚ್ಚಲು ಮೇ ತಿಂಗಳ ತನಕ ಕಾದೆವು. ಸ್ಲ್ಯಾಬ್ ಒಳಗಿನ ತೇವ ನಿಧಾನ ಹೊರಬರುತ್ತದೆ. ವಾರಕ್ಕೊಮ್ಮೆ ಉಪ್ಪನ್ನು ಒಣ ಬ್ರಷ್ಷಿನಲ್ಲಿ ಕೆರೆದೆ. ಒದ್ದೆ ಬಟ್ಟೆ ಹಾಕಲಿಲ್ಲ, ಹಾಕಿದರೆ ಉಪ್ಪು ಕರಗಿ ಮತ್ತೆ ಒಳಗೆ ಹೋಗುತ್ತದೆ. ಒಂದಡಿ ಪ್ಲಾಸ್ಟಿಕ್ ಹಾಳೆಯನ್ನು ಸೀಲಿಂಗಿಗೆ ಟೇಪ್ ಹಚ್ಚಿ ಅಂಟಿಸಿ ರಾತ್ರಿಯಿಡೀ ಬಿಡುತ್ತಿದ್ದೆ. ಏಪ್ರಿಲ್ ಕೊನೆಯ ತನಕ ಬೆಳಿಗ್ಗೆ ಹಾಳೆಯ ಒಳಗೆ ಮಂಜಿನ ಹನಿ ಇರುತ್ತಿತ್ತು. ಮೇ ಎರಡನೇ ವಾರ ಹಾಳೆ ಒಣಗಿತ್ತು. ಆಮೇಲೆ ಪುಟ್ಟಿ, ಪ್ರೈಮರ್, ಬಣ್ಣ. ಮಂಚ ಮತ್ತೆ ಅದೇ ಜಾಗಕ್ಕೆ ಬಂತು.

ಹೊರಗೋಡೆಯ ಆ ಸಣ್ಣ ಪೈಪಿನ ಕೆಳಗೇ ಅಮ್ಮನ ದಾಸವಾಳದ ಗಿಡ ಇದೆ. ಹೂವು ಬಿಡಿಸಲು ಹೋದಾಗ ಕತ್ತೆತ್ತಿ ಪೈಪಿನ ಬಾಯಿ ನೋಡುತ್ತಾರೆ. ಎರಡು ಮಳೆಗಾಲ ಕಳೆಯಿತು, ಇನ್ನೂ ಒಂದು ಹನಿ ಬಿದ್ದಿಲ್ಲ.